ಹೆಸರು ಬೇರೆ, ಸೈಟು ಅದೇ

ನಾನು ತಲೆ ತಗ್ಗಿಸಿಕೊಂಡು ನಡೆಯುವುದನ್ನು ನೋಡಿ ಕುಮಟೆಯ ಜನ "ಎಷ್ಟು ವಿನಯ!" ಅಂದುಕೊಂಡಿದ್ದಾರೆ. ವಿನಯವಲ್ಲ. ವೆಬ್‌ಸೈಟು ಮಾಡುವ ಕಸುಬಿನಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಮುಖ ಮುಚ್ಚಿಕೊಳ್ಳುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ.

ಔಷಧಿ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನ ಆಫೀಸು. ಹೊನ್ನಾವರ, ಭಟ್ಕಳದವರೂ ಬರುತ್ತಾರೆ. "ನಮ್ಮದು ಬೇರೆ ಥರ ಇರಬೇಕು" ಎನ್ನುತ್ತಾರೆ. ನಾನು ಗಂಭೀರವಾಗಿ ಬರೆದುಕೊಳ್ಳುತ್ತೇನೆ. ಅವರು ಮೆಟ್ಟಿಲಿಳಿದ ಮೇಲೆ, ಹತ್ತು ವರ್ಷದ ಹಿಂದೆ ಕೊಂಡ ಒಂದೇ ಒಂದು ಟೆಂಪ್ಲೇಟನ್ನು ತೆರೆಯುತ್ತೇನೆ. ಮೇಲೆ ದೊಡ್ಡ ಫೋಟೋ, ಕೆಳಗೆ ಮೂರು ಚೌಕ, ಅದರ ಕೆಳಗೆ 'ನಮ್ಮ ಬಗ್ಗೆ'. ಹೆಸರು ಬದಲಿಸುತ್ತೇನೆ, ಬಣ್ಣ ಬದಲಿಸುತ್ತೇನೆ. ಉಳಿದದ್ದು ಗಿರಾಕಿಯ ಅದೃಷ್ಟ.

ಎದುರುಬದುರು

ಕುಮಟೆಯ ಒಂದು ರಸ್ತೆಯಲ್ಲಿ ಎರಡು ಫರ್ನಿಚರ್ ಅಂಗಡಿಗಳು ಎದುರುಬದುರು ಇವೆ. ಮೊದಲು ಎಡಗಡೆಯವರು ಬಂದರು. ಹಸಿರು ಬಣ್ಣದ ಸೈಟು ಕೊಟ್ಟೆ. ಆಮೇಲೆ ಬಲಗಡೆಯವರು ಬಂದರು. ನೀಲಿ ಕೊಟ್ಟೆ. ಎರಡರ ನೆತ್ತಿಯ ಮೇಲೂ 'ನಾವು ಎಲ್ಲರಿಗಿಂತ ಭಿನ್ನ' ಎಂದು ಬರೆದಿತ್ತು.

ಒಂದೂವರೆ ತಿಂಗಳ ಮೇಲೆ ಬಲಗಡೆಯವರು ಏದುಸಿರು ಬಿಡುತ್ತಾ ಮಾಳಿಗೆ ಹತ್ತಿ ಬಂದು ಎರಡು ಫೋನುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು.

"ಎಂತದು ಇದು?"

"ಬಣ್ಣ ಬೇರೆ ಇದೆಯಲ್ಲ," ಅಂದೆ. ಅಂದ ಕೂಡಲೇ ನನಗೇ ಅಸಹ್ಯವಾಯಿತು.

"ಬಣ್ಣ ಅತ್ಲಾಗಿರ್ಲಿ. ನನ್ನ ಸೈಟಿನ ಬುಡದಲ್ಲಿರೋ ಫೋನ್ ನಂಬರ್ ಯಾರದ್ದು ನೋಡಿ."

ನೋಡಿದೆ. ಎದುರಿನ ಅಂಗಡಿಯದ್ದು! ಬದಲಿಸಲು ಮರೆತಿದ್ದೆ. ಇವರ ಸೈಟು ನೋಡಿ ಮಂಚ ಬೇಕೆಂದವರೆಲ್ಲ ಒಂದೂವರೆ ತಿಂಗಳು ಅವರಿಗೆ ಫೋನ್ ಮಾಡಿದ್ದರು. ಕೈಮುಗಿದು ಅಲ್ಲೇ ಸರಿಮಾಡಿದೆ.

ಸಂಜೆ ಎಡಗಡೆಯವರು ಬಂದರು. ಇವರೂ ಬಯ್ಯುತ್ತಾರೆಂದು ಎದ್ದು ನಿಂತೆ. ಅವರ ಕೈಯಲ್ಲಿ ಪೇಡೆಯ ಡಬ್ಬವಿತ್ತು.

"ನಂಬರ್ ಸರಿ ಮಾಡಿ ಆತಾ?"

"ಆತು, ಬೆಳಿಗ್ಗೆಯೇ."

"ಎಂತಕ್ಕೆ ಅವಸರ ಮಾಡಿದ್ರಿ ಮಾರಾಯ್ರೆ! ಚೌತಿ ಹಬ್ಬದವರೆಗೆ ಹಾಗೇ ಇರ್ಲಿ ಅಂತ ಹೇಳೂಕೆ ಬಂದಿದ್ದೆ," ಎಂದು ಡಬ್ಬ ಎತ್ತಿಕೊಂಡು ಹೊರಟೇ ಹೋದರು.

ಬಿರಡೆ

ಆ ನಾಚಿಕೆಗೆ, ಮುಂದಿನ ಸೈಟನ್ನಾದರೂ ಸ್ವಂತ ತಲೆಯಿಂದ ಮಾಡಬೇಕೆಂದು ಪಣ ತೊಟ್ಟೆ. ಸಿಕ್ಕವರು ಭಟ್ಕಳದ ಹಿರಿಯ ಅತ್ತರು ವ್ಯಾಪಾರಿ. ಇಪ್ಪತ್ತು ದಿನ ಕೂತು ಮಾಡಿದೆ. ಸೈಟು ತೆರೆದರೆ ಪೂರ್ತಿ ಕಪ್ಪು. ನಡುವೆ ಒಂದು ಬಾಟಲಿ. ಬಿರಡೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದರೆ ಹೊಗೆ ಎದ್ದು, ಹೊಗೆಯೊಳಗಿಂದ ಅಂಗಡಿಯ ವಿವರ ನಿಧಾನವಾಗಿ ಮೂಡುತ್ತದೆ. ಬಿರಡೆ ಎಳೆಯಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆದರೆ ಕಲೆ ಕೆಡುತ್ತದೆ ಅಂತ ನನ್ನ ಲೆಕ್ಕ.

ತಿಂಗಳಾದ ಮೇಲೆ ಅವರು ಕುಮಟೆಗೆ ಬಂದರು. ಚಹಾ ಕುಡಿದರು. ನನ್ನ ತಂದೆಯ ಆರೋಗ್ಯ ವಿಚಾರಿಸಿದರು.

"ಸೈಟು ಬಹಳ ಸುಂದರ ಆಗಿದೆ ಭಾಯ್. ಒಂದೇ ಒಂದು ಸಾಲು ಸೇರಿಸಬೇಕಿತ್ತು."

"ಹೇಳಿ ಸಾಹೇಬ್ರೆ."

"'ಈ ಸೈಟನ್ನು ಹೇಗೆ ತೆರೆಯುವುದೆಂದು ತಿಳಿಯಲು ದಯವಿಟ್ಟು ನಮ್ಮ ಅಂಗಡಿಗೆ ಬನ್ನಿ.'"

ಭೇಟಿಯ ಸಮಯ

ಮತ್ತೆ ಟೆಂಪ್ಲೇಟಿಗೇ ಶರಣಾದೆ. ಹೊನ್ನಾವರದ ಒಂದು ಕಲ್ಯಾಣ ಮಂಟಪದವರಿಗೆ ಮೂರೇ ದಿನದಲ್ಲಿ ಸೈಟು ಬೇಕಿತ್ತು. ಆಗಷ್ಟೇ ಒಂದು ಆಸ್ಪತ್ರೆಯ ಸೈಟು ಮುಗಿಸಿದ್ದೆ. ಅದರ ಪ್ರತಿ ತೆಗೆದು, 'ಆಸ್ಪತ್ರೆ' ಇದ್ದಲ್ಲೆಲ್ಲ 'ಮಂಟಪ', 'ರೋಗಿಗಳ' ಇದ್ದಲ್ಲೆಲ್ಲ 'ವಧೂವರರ' ಎಂದು ಬದಲಿಸುವಂತೆ ಕಂಪ್ಯೂಟರಿಗೆ ಹೇಳಿದೆ. ಅದು ಹೇಳಿದ್ದನ್ನು ಮಾಡಿತು. ನಾನು ಓದಿ ನೋಡಲಿಲ್ಲ.

ವಾರದೊಳಗೆ ಮಂಟಪದ ಮ್ಯಾನೇಜರರ ಫೋನ್ ಬಂತು. ಅವರು ಬಯ್ಯಲಿಲ್ಲ. ಸೈಟಿನಲ್ಲಿದ್ದದ್ದನ್ನು ಸುಮ್ಮನೆ ಓದುತ್ತಾ ಹೋದರು.

"'ವಧೂವರರನ್ನು ನೋಡುವ ಸಮಯ ಸಂಜೆ ನಾಲ್ಕರಿಂದ ಆರು. ವಧೂವರರ ಜೊತೆ ರಾತ್ರಿ ಒಬ್ಬರಿಗೆ ಮಾತ್ರ ಉಳಿಯಲು ಅವಕಾಶ. ವಧೂವರರ ಸ್ಥಿತಿ ಗಂಭೀರವಾದರೆ ಮಂಟಪ ಹೊಣೆಯಲ್ಲ.'"

ನನ್ನ ಕಿವಿ ಸುಡುತ್ತಿತ್ತು. "ಸರ್, ಈಗಲೇ ತೆಗೆಯುತ್ತೇನೆ."

"ಕೊನೇದನ್ನ ತೆಗೀಬೇಡಿ," ಅಂದರು. "ನಮ್ಮ ವಕೀಲರು ಇರಲಿ ಅಂತಾರೆ."

ನಮ್ಮ ತಂಡ

ಇದನ್ನು ಹೇಳಲು ಈಗಲೂ ಸಂಕೋಚ. ಕತಗಾಲದ ಕಡೆಯ ಹನ್ನೊಂದು ಹೆಂಗಸರು ಸೇರಿ ಹಲಸಿನ ಹಪ್ಪಳ ಮಾಡುವ ಸಂಘ ಕಟ್ಟಿದ್ದರು. ಮುಖ್ಯಸ್ಥೆಗೆ ಅರವತ್ತರ ಹತ್ತಿರ, ಎಲ್ಲರೂ ಅಕ್ಕ ಎನ್ನುತ್ತಿದ್ದರು. ಸೈಟು ಮಾಡಿಕೊಟ್ಟೆ. 'ನಮ್ಮ ತಂಡ' ಎಂಬಲ್ಲಿ ಅವರ ಫೋಟೋ ಹಾಕಬೇಕಿತ್ತು. "ಸೋಮವಾರ ಬಂದು ತೆಗೆಯುತ್ತೇನೆ" ಅಂದವನು ಹೋಗಲೇ ಇಲ್ಲ. ಟೆಂಪ್ಲೇಟಿನ ಜೊತೆ ಬಂದಿದ್ದ ಕೋಟು ಹಾಕಿದ ಒಬ್ಬ ಬಿಳಿಯ 'ಮುಖ್ಯಸ್ಥ' ಎಂಬ ಹೆಸರಿನಡಿ ಹಾಗೆಯೇ ನಗುತ್ತಾ ಉಳಿದ.

ಒಂದು ದಿನ ಬೆಳಿಗ್ಗೆ ಅಕ್ಕನ ಫೋನು. "ತಮಾ, ಹುಬ್ಬಳ್ಳಿ ದೊಡ್ಡ ಅಂಗಡಿಯಿಂದ ಒಬ್ಬ ಆಫೀಸರು ಬಂದು ಕೂತಿದ್ದ. ಆ ಕೋಟಿನವನ ಹತ್ರನೇ ಮಾತಾಡವು, ಬೇರೆ ಯಾರೂ ಬೇಡ ಹೇಳ್ತಾ ಇದ್ದ. ಬೇಗ ಬಾ."

ಬೈಕು ಓಡಿಸಿಕೊಂಡು ಹೋದೆ. ಜಗಲಿಯಲ್ಲಿ ಆಫೀಸರು ಫೋನು ಹಿಡಿದು ಕೂತಿದ್ದರು. ಹನ್ನೊಂದು ಹೆಂಗಸರೂ ಗೋಡೆಗೆ ಒರಗಿ ನಿಂತಿದ್ದರು. ಸಂಘದ ಮರ್ಯಾದೆ ಉಳಿಸಲು ಅಕ್ಕ "ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ" ಎಂದುಬಿಟ್ಟಿದ್ದರಂತೆ. ಸ್ನಾನ ಶುರುವಾಗಿ ಒಂದು ಗಂಟೆಯಾಗಿತ್ತು.

"ಸರ್, ತಪ್ಪು ನನ್ನದು," ಅಂದೆ. "ಆ ಮನುಷ್ಯ ಯಾರೆಂದು ನನಗೂ ಗೊತ್ತಿಲ್ಲ. ಸಂಘ ಅಂದರೆ ಇವರೇ. ಫೋಟೋ ತೆಗೆಯುತ್ತೇನೆ ಎಂದು ಹೇಳಿ ನಾನು ಬರಲಿಲ್ಲ."

ಅಕ್ಕ ನನ್ನ ಮುಖ ನೋಡಲಿಲ್ಲ. "ಆ ಸೋಮವಾರ ನಾವೆಲ್ಲರೂ ಒಳ್ಳೆ ಸೀರೆ ಉಟ್ಕಂಡು ಸಂಜೆವರೆಗೆ ಕಾದಿದ್ಯ ತಮಾ," ಅಂದರು.

ಅದಕ್ಕಿಂತ ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು. ಅಲ್ಲೇ, ಆಗಲೇ, ಕೈಗೆ ಹಲಸಿನ ಹಿಟ್ಟು ಮೆತ್ತಿಕೊಂಡಿದ್ದ ಹನ್ನೊಂದು ಜನರ ಫೋಟೋ ಒಬ್ಬೊಬ್ಬರದಾಗಿ ತೆಗೆದೆ. ಅಷ್ಟರೊಳಗೆ ಆಫೀಸರು ಕರಿದ ಹಪ್ಪಳ ಎರಡು ತಟ್ಟೆ ಮುಗಿಸಿ ಆರ್ಡರಿಗೆ ಸಹಿ ಹಾಕಿದ್ದರು. ಬದುಕಿದೆ ಎಂದುಕೊಂಡೆ.

ಹೊರಡುವಾಗ ಅವರು ನನ್ನನ್ನು ಅಂಗಳದ ಮೂಲೆಗೆ ಕರೆದು ಫೋನು ತೋರಿಸಿದರು. ಅದೇ ಕೋಟಿನವನು.

"ಇವ್ರು ಇಲ್ಲಿಯವ್ರು ಅಲ್ಲ ಅನ್ನೋದು ಪಕ್ಕಾ ಏನ್ರಿ?"

"ಪಕ್ಕಾ ಸರ್. ಯಾಕೆ?"

ಅವರು ದನಿ ತಗ್ಗಿಸಿದರು. "ನಮ್ಮ ಕಂಪನಿ ಸೈಟ್‌ನಾಗ ಇವ್ರು ಸಿಬ್ಬಂದಿ ವಿಭಾಗದ ಮುಖ್ಯಸ್ಥರು ಅದಾರ್ರಿ. ನನ್ನ ಪ್ರಮೋಷನ್ ಫೈಲು ನಾಕು ವರ್ಷದಿಂದ ಇವ್ರ ಟೇಬಲ್ ಮ್ಯಾಲೇ ಐತಿ ಅಂತಾರ. ಇಲ್ಲಿಯಾದ್ರೂ ಸಿಗ್ತಾರೇನೋ ಅಂತ ಬಂದಿದ್ದೆ."