ಅರ್ಧಕ್ಕೇ ಎದ್ದ ಮನೆತನ

ಸಿನಿಮಾ ನೋಡುವುದಕ್ಕೆ ವಿದ್ಯೆ ಬೇಕಾಗಿಲ್ಲ. ಒಳಗೆ ಹೋಗಬೇಕು, ಕುಳಿತುಕೊಳ್ಳಬೇಕು, ಮುಗಿಯುವವರೆಗೆ ಏಳಬಾರದು. ಇದರಲ್ಲಿ ತಪ್ಪುವುದಕ್ಕೆ ಏನಿದೆ? ಜೋಳದ ರೊಟ್ಟಿ ಬಡಿಯುವುದು ಇದಕ್ಕಿಂತ ಕಠಿಣ ಎಂದು ನಾನು ಧೈರ್ಯವಾಗಿದ್ದೆ.

ಹಾಗೆ ನೋಡಿದರೆ ನಮ್ಮ ಮನೆತನಕ್ಕೆ ಈ ಮೂರನೆಯ ಕೆಲಸ ಒಲಿದೇ ಇಲ್ಲ. ಅದನ್ನು ಹೇಳಬೇಕಾದರೆ ನನ್ನ ತವರು ಶಿರಗುಪ್ಪಿಗೆ ಹೋಗಬೇಕು, ಇಪ್ಪತ್ತು ವರ್ಷ ಹಿಂದಕ್ಕೆ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ ಹತ್ತಿ ಮಾರಲು ಹುಬ್ಬಳ್ಳಿಗೆ ಚಕ್ಕಡಿ ಹೂಡಿದಾಗ ಅವ್ವ, ನಾನು ಹಿಂದೆ ಏರಿ ಕುಳಿತೆವು. ಹತ್ತಿ ಚೆನ್ನಾಗಿ ಹೋಯಿತು. ಆ ಖುಷಿಯಲ್ಲಿ ಅಪ್ಪ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ದ. ಮೂವರಿಗೂ ಅದೇ ಮೊದಲ ಸಿನಿಮಾ. ಒಬ್ಬ ನೇಕಾರನ ಹೆಂಡತಿಯ ಕಥೆ. ಗಂಡ ದುಡಿಯಲು ಹಡಗು ಹತ್ತಿ ಹೋಗುತ್ತಾನೆ, ಆಕೆ ದಂಡೆಯ ಮೇಲೆ ನಿಂತು ನೋಡುತ್ತಾಳೆ. ಹಡಗು ಸಣ್ಣದಾಗುತ್ತ, ಸಣ್ಣದಾಗುತ್ತ ಸಾಸಿವೆಕಾಳಿನಷ್ಟಾಯಿತು. ಫಕ್ಕನೆ ದೀಪ ಹತ್ತಿದವು.

ಅಪ್ಪ ರುಮಾಲು ಕೊಡವಿ ಎದ್ದ. "ಮುಗೀತು. ಏಳ್ರಿ, ಎತ್ತಿಗೆ ಮೇವು ಹಾಕಬೇಕು."

ಎದ್ದೆವು. ಅವ್ವ ಊರು ಮುಟ್ಟುವವರೆಗೂ ಚಕ್ಕಡಿಯಲ್ಲಿ ಅತ್ತಳು. ಇಂಥ ದುಃಖದ ಕಥೆಯನ್ನು ಜನ ದುಡ್ಡು ಕೊಟ್ಟು ಯಾಕೆ ನೋಡುತ್ತಾರೋ ಎಂದು ನಾನೂ ಅತ್ತೆ. ತಿಂಗಳ ಮೇಲೆ ಊರಿಗೆ ಬಂದ ಬಳೆಗಾರನ ಮುಂದೆ ಅವ್ವ ಈ ಕಥೆ ತೆಗೆದಳು. ಅವನು ಬಳೆ ತೊಡಿಸುವುದನ್ನೇ ನಿಲ್ಲಿಸಿದ.

"ಯಕ್ಕಾ, ನಡುವ ದೀಪಾ ಹಚ್ಚೂದು ಚಾ ಕುಡೀಲಿಕ್ಕೆ! ಎಲ್ಲಾ ಪಿಕ್ಚರಿಗೂ ಹಚ್ಚತಾರ. ಇನ್ನೂ ಅರ್ಧಾ ಇರತೈತಿ!"

ಆ ಚಿತ್ರ ಅವನು ನೋಡಿರಲಿಲ್ಲ. ಅಷ್ಟರಲ್ಲಿ ಅದು ಹುಬ್ಬಳ್ಳಿ ಬಿಟ್ಟು ಹೋಗಿತ್ತು. ಅಪ್ಪ ಮಾತ್ರ ತಾನು ಎದ್ದದ್ದೇ ಸರಿ ಎಂದು ಕೊನೆತನಕ ಸಾಧಿಸಿದ. ಅವ್ವ ಜಗಳವಾಡಲಿಲ್ಲ. "ಅಲ್ಲೇ ಕುಂತಿದ್ರ ಅವ ಬರತಿದ್ನೇನೋ" ಎಂದಳು, ತಾವು ಎದ್ದು ಬಂದದ್ದಕ್ಕೇ ಆ ಗಂಡ ಬರಲಿಲ್ಲವೇನೋ ಎಂಬಂತೆ. ಆಕೆ ತೀರಿಹೋಗುವ ಹಿಂದಿನ ವರ್ಷ, ಶೇಂಗಾ ಸುಲಿಯುತ್ತ ಕುಳಿತವಳು ಇದ್ದಕ್ಕಿದ್ದಂತೆ ಕೇಳಿದಳು:

"ಬಂದಿರಬೇಕಲ್ಲ ಅವ?"

"ಯಾರವ್ವಾ?"

"ಹಡಗದಾಂವ."

ಈಗ ನಾನು ಧಾರವಾಡದಲ್ಲಿ ಸಂಸಾರಸ್ಥೆ. ಮೊನ್ನೆ ಬುಧವಾರ ಓಣಿಯಲ್ಲಿ ಟಾಂಗಾ ಬಂತು, ಹಲಗೆ ಬಾರಿಸುತ್ತ, ಗುಲಾಬಿ ಬಣ್ಣದ ಜಾಹೀರಾತು ಹಾರಿಸುತ್ತ. ಹೆಕ್ಕಿ ಓದಿದರೆ ಅದೇ ಚಿತ್ರ! ಹಳೆಯದು, ಮತ್ತೆ ಬಂದಿತ್ತು. ಮರುದಿನ ಗುರುವಾರವೇ ಕಡೆಯ ದಿನ. ಕೈಯಲ್ಲಿದ್ದ ಹಿಟ್ಟು ಕಾಗದಕ್ಕೆ ಮೆತ್ತಿಕೊಂಡಿತು.

ನಮ್ಮ ಮನೆಯವರು ಕಚೇರಿಯಲ್ಲಿ ಗುಮಾಸ್ತರು. "ಅನಿವಾರ್ಯ ಕೌಟುಂಬಿಕ ಕಾರಣ"ದಿಂದ ಅರ್ಧ ದಿನ ರಜೆ ಬರೆದುಕೊಟ್ಟರು. ನಾನು ರೊಟ್ಟಿ, ಪುಂಡಿಪಲ್ಯ ಮುಗಿಸಿ, ಹಂಡೆಗೆ ನೀರು ತುಂಬಿ, ಸಾಲಿಯಿಂದ ಬರುವ ಮಕ್ಕಳಿಗಾಗಿ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟೆ. ಮೂರೂವರೆ ಆಟಕ್ಕೆ ಇಬ್ಬರೂ ಎರಡೂವರೆಗೇ ಹೋಗಿ ಕುಳಿತೆವು. ಬಾಗಿಲು ತೆಗೆದವನೇ ನಮ್ಮನ್ನು ನೋಡಿ ಬೆದರಿದ!

ಚಿತ್ರ ಶುರುವಾಯಿತು. ಗೀರು ಬಿದ್ದು ಬಿದ್ದು ತೆರೆಯ ಮೇಲೆ ಜಡಿಮಳೆ ಹಿಡಿದಂತಿತ್ತು. ಹಾಡು ನಡುನಡುವೆ ಬಿಕ್ಕಳಿಸುತ್ತಿತ್ತು. ಆದರೂ ಆಕೆ ಬಂದಳು, ಅದೇ ಸೀರೆ, ಅದೇ ನಡಿಗೆ. ಅಂದು ನನಗೆ ಅಕ್ಕನಂತೆ ಕಂಡಿದ್ದವಳು ಇಂದು ಮಗಳಂತೆ ಕಂಡಳು. ಆಕೆಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ಎಡಕ್ಕೆ ತಿರುಗಿದರೆ ಅವ್ವ ಸೆರಗು ಕಚ್ಚಿಕೊಂಡು ಕುಳಿತಿರುತ್ತಾಳೆ ಅನಿಸಿತು. ತಿರುಗಿದೆ. ಯಾರೋ ಕಡಲೆ ತಿನ್ನುತ್ತಿದ್ದರು.

ಹಡಗು ಸಾಸಿವೆಕಾಳಾಯಿತು. ದೀಪ ಹತ್ತಿದವು.

"ಚಾ ಕುಡಿದು ಬರೋಣೇನು?" ಎಂದರು ಇವರು.

"ನೀವು ಹೋಗ್ರಿ. ನಾ ಏಳಂಗಿಲ್ಲ." ಖುರ್ಚಿಯ ಕೈಯನ್ನು ಎರಡೂ ಕೈಯಿಂದ ಹಿಡಿದೆ.

ಇವರು ಚಹಾ ಕುಡಿದು ಬಂದರು. ಮತ್ತೊಮ್ಮೆ ಕುಡಿದು ಬಂದರು. ದೀಪ ಆರಲೇ ಇಲ್ಲ. ಜನ ಸೀಟಿ ಹೊಡೆಯತೊಡಗಿದಾಗ ಮ್ಯಾನೇಜರ್ ತೆರೆಯ ಮುಂದೆ ಬಂದು ಕೈಮುಗಿದ.

"ಪಿಕ್ಚರ್ ಒಂದ ಐತ್ರಿ, ಥೇಟರ್ ಎರಡು! ಹುಬ್ಬಳ್ಳ್ಯಾಗ ತೋರಿಸಿದ ಮ್ಯಾಲೆ ರೀಲಿನ ಡಬ್ಬಿ ಇಲ್ಲಿಗೆ ಬರತಾವ. ಅಲ್ಲಿ ಇವತ್ತ ಕರೆಂಟ್ ಹೋಗಿತ್ತಂತ. ಇನ್ನರ್ಧಾ ಇನ್ನೂ ಅಲ್ಲೇ ಓಡಾಕತ್ತೈತಿ. ಸ್ವಲ್ಪ ತಡೀರಿ."

"ಇವತ್ತೆಲ್ಲಿ ಬರತೈತಿ ಬಿಡು" ಎಂದರು ಹಿಂದಿನವರು ಯಾರೋ. ಇಪ್ಪತ್ತು ವರ್ಷ ಕಾದ ಜೀವಕ್ಕೆ ಆ ಮಾತು ಚೇಳಿನಂತೆ ಕುಟುಕಿತು.

"ಏಳ್ರಿ" ಎಂದೆ.

"ಎಲ್ಲಿಗೆ?"

"ಹುಬ್ಬಳ್ಳಿಗೆ. ಅದು ಬರೂದು ಕಾಯೂದಕಿಂತ ಅದು ಇದ್ದಲ್ಲಿಗೆ ನಾವಾ ಹೋಗೂಣು."

"ಕುಂತರ ತಾನಾ ಬರತೈತಲ್ಲ!"

"ಕುಂತರ ಏನೂ ಬರಂಗಿಲ್ರಿ!" ಎಂದು ಸೆರಗು ಕೊಡವಿ ಎದ್ದೇಬಿಟ್ಟೆ.

ಬಸ್ಸು ಸಿಕ್ಕಿತು. ನವಲೂರು ದಾಟಿದ ಮೇಲೆ ಎದುರಿನಿಂದ ಒಂದು ಫಟಫಟಿ ಧೂಳೆಬ್ಬಿಸುತ್ತ ಬಂತು. ಹಿಂದೆ ಕುಳಿತವನ ತೊಡೆಯ ಮೇಲೆ ದುಂಡನೆಯ ತಗಡಿನ ಡಬ್ಬಿಗಳು, ಒಂದರ ಮೇಲೊಂದು.

"ಲೇ, ಅವು ಪಿಕ್ಚರಿನ ಡಬ್ಬಿ ಅಲ್ಲೇನು?" ಇವರು ಕಿಟಕಿಗೆ ಜೋತುಬಿದ್ದರು.

ನಾನು ಅನುಭವಸ್ಥೆ. ನೂರು ಮನೆಯ ಕಾರ್ಯಕ್ಕೆ ತಿಂಡಿ ಕರಿದವಳು. "ಯಾರೋ ಬಸರಿಯ ಕುಬಸದ ಬುತ್ತಿ ಹೊಂಟೈತ್ರಿ. ಚಕ್ಕುಲಿ, ಕರ್ಚಿಕಾಯಿ ಹಂಥಾ ಡಬ್ಬ್ಯಾಗಾ ತುಂಬತಾರ. ನಿಮಗೇನು ತಿಳೀತೈತಿ!"

ಫಟಫಟಿ ಧಾರವಾಡದ ಕಡೆಗೆ ಸಣ್ಣದಾಗುತ್ತ, ಸಣ್ಣದಾಗುತ್ತ ಹೋಯಿತು.

ಹುಬ್ಬಳ್ಳಿಯ ಥೇಟರಿನ ಮುಂದೆ ನಾಳೆಯ ಚಿತ್ರದ ಬೋರ್ಡು ಏರಿಸುತ್ತಿದ್ದರು. ಬಾಗಿಲು ಕಾಯುವವನು ಬೀಡಿ ಹಿಂದೆ ಬಚ್ಚಿಟ್ಟುಕೊಂಡು, "ಮುಗದು ತಾಸಾತ್ರಿ ಅಕ್ಕಾರ. ಡಬ್ಬಿ ಫಟಫಟಿ ಮ್ಯಾಲೆ ಧಾರವಾಡಕ್ಕ ಹೋದವು. ನಿಮಗ ದಾರ್ಯಾಗ ಸಿಗಲಿಲ್ಲೇನು?" ಎಂದ.

ಇವರು ನನ್ನನ್ನು ನೋಡಿದರು. "ಚಕ್ಕುಲಿ" ಎಂದಾದರೂ ಅಂದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ!

ಮರಳಿ ಬಸ್ಸು. ನಾನು ಇಪ್ಪತ್ತು ವರ್ಷದಿಂದ ಅಪ್ಪನನ್ನು ಮನಸ್ಸಿನಲ್ಲೇ ಬಯ್ದಿದ್ದೆ. ಪಾಪ, ಅವನಿಗೆ ಇನ್ನರ್ಧ ಇದೆ ಎಂಬುದೇ ಗೊತ್ತಿರಲಿಲ್ಲ. ನಾನು ಗೊತ್ತಿದ್ದೂ ಎದ್ದವಳು!

ಧಾರವಾಡದ ಥೇಟರಿಗೆ ಬಂದು ಮುಟ್ಟಿದಾಗ ಬಾಗಿಲುಗಳು ತೆರೆದಿದ್ದವು, ಜನ ಹೊರಗೆ ಬರುತ್ತಿದ್ದರು. ಮೆಟ್ಟಿಲ ಮೇಲೆ ಅವ್ವನ ವಯಸ್ಸಿನ ಒಬ್ಬ ಅಜ್ಜಿ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸುಖಕ್ಕೆ ಅತ್ತಿದ್ದಳೋ ದುಃಖಕ್ಕೋ, ಮುಖದಿಂದ ತಿಳಿಯಲಿಲ್ಲ.

ಇವರು ನನಗೆ ಉಪಕಾರ ಮಾಡಲು ಹೋದರು. "ಅಜ್ಜೀ, ಆಕಿ ಗಂಡ ಬಂದ್ನೋ ಇಲ್ಲೋ?"

"ಏನ ಹೇಳ್ಲೆಪಾ, ಆ ಹಡಗದಾಂವ..."

"ಬ್ಯಾಡ!" ಎಂದು ಚೀರಿದೆ. ಎಲ್ಲರೂ ತಿರುಗಿ ನೋಡಿದರು. ಇವರ ತೋಳು ಹಿಡಿದು ದರದರ ಎಳೆದುಕೊಂಡು ಹೊರಟೆ.

"ಹುಚ್ಚಿಡಿದೈತೇನ ನಿನಗ? ಮಧ್ಯಾಹ್ನದಿಂದ ಇದಕ್ಕಾ ಓಡ್ಯಾಡಿದಿವಲ್ಲ!"

"ಬಂದಾನ ಅಂದ್ರ ಹೇಳಾಕ ಅವ್ವ ಇಲ್ರೀ. ಬಂದಿಲ್ಲ ಅಂದ್ರ ನಾ ತಡ್ಯಾಂಗಿಲ್ಲ."

ಇವರು ನನ್ನ ಕೈಯನ್ನು ತಾವೇ ಹಿಡಿದುಕೊಂಡರು. ಹಾದಿಯಲ್ಲಿ, ಜನರೆದುರು, ಮದುವೆಯಾದ ಮೇಲೆ ಅದೇ ಮೊದಲು. ಹತ್ತು ಹೆಜ್ಜೆ ಹೀಗೆ ಗಂಭೀರವಾಗಿ ನಡೆದೆವು.

ಹನ್ನೊಂದನೆಯ ಹೆಜ್ಜೆಗೆ ಕಾಲಿಗೆ ಕಲ್ಲು ಚುಚ್ಚಿತು. ಒಂದು ಚಪ್ಪಲಿ ಮೆಟ್ಟಿಲ ಹತ್ತಿರವೇ ಉಳಿದಿತ್ತು!

ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಕುಂಟುತ್ತ ಹಿಂದೆ ಹೋದೆ. ಕೈ ಖಾಲಿ ಇಲ್ಲ, ಕಾಲಿನಿಂದಲೇ ಚಪ್ಪಲಿ ತಡಕಾಡಬೇಕು. ಅಜ್ಜಿಗೆ ನನ್ನ ಮೇಲೆ ಎಲ್ಲಿಲ್ಲದ ಕರುಣೆ. ಆಕೆಯ ಬಾಯಿ ಆಡುತ್ತಲೇ ಇತ್ತು. ಕೈಯನ್ನು ದೂರಕ್ಕೆ ಚಾಚಿದಳು, ಎದೆಗೆ ತಂದುಕೊಂಡಳು. ಬಂದನೆಂದೋ, ಹೋದನೆಂದೋ! ಹನ್ನೆರಡು ಮೈಲು ಹೋಗಿ, ಹನ್ನೆರಡು ಮೈಲು ಬಂದು ಆ ಚಿತ್ರದ ಕೊನೆಯನ್ನು ನಾನು ನೋಡಿದ್ದು ಹೀಗೆ, ಒಂಟಿಕಾಲಿನ ಮೇಲೆ ನಿಂತು, ಮೂಕಿಚಿತ್ರವಾಗಿ!