ಹೆಂಡತಿಯ ಫೋನಿನಲ್ಲಿ ಕುಳಿತ ಹೆಂಗಸು

ಹುಮನಾಬಾದಿನಲ್ಲಿ ಮೊಟ್ಟಮೊದಲು ಬಟ್ಟೆ ಒಗೆಯುವ ಮಷೀನು ತಂದವರು ಬೇರೆ ಯಾರೋ ಇರಬಹುದು. ಮೊದಲು ಬ್ಯಾಟರಿ ಸ್ಕೂಟರ್ ಓಡಿಸಿದವರೂ ಬೇರೆಯವರೇ. ಆದರೆ ಫೋನಿಗೆ ಬೇಟಾ ಅಪ್‌ಡೇಟ್ ಹಾಕಿಸಿದ ಮೊದಲ ಮಹಾಪುರುಷ ಯಾರು ಎಂದು ಮುಂದೆ ಯಾರಾದರೂ ಕೇಳಿದರೆ, ಇಡೀ ತಾಲ್ಲೂಕು ನನ್ನ ಮನೆಯ ಕಡೆ ಬೊಟ್ಟು ಮಾಡಬೇಕು ಎಂದು ನಾನು ನಿಶ್ಚಯಿಸಿದ್ದೆ.

ಬೇಟಾ ಎಂದರೆ, ಕಂಪನಿಯವರು ಹೊಸ ಸಾಫ್ಟ್‌ವೇರನ್ನು ಪೂರ್ತಿ ಬೇಯಿಸುವ ಮೊದಲೇ ಉಪ್ಪು ಖಾರ ನೋಡಿ ಎಂದು ನಮ್ಮಂಥ ಕೆಲವರಿಗೆ ಬಡಿಸುವುದು. ಉಂಡವನು ಹೇಗಿತ್ತೆಂದು ಬರೆದು ತಿಳಿಸಬೇಕು. ಅದಕ್ಕೆ ‘ಮೊದಲ ಅನುಭವ’ ಎಂದು ಹೆಸರು. ಸಹಕಾರ ಸಂಘದಲ್ಲಿ ಕಾರಕೂನನಾಗಿ ಕುಳಿತ ನನ್ನ ಅಭಿಪ್ರಾಯವನ್ನು ಈವರೆಗೆ ಸಂಘದ ಜವಾನನೂ ಕೇಳಿದ್ದಿಲ್ಲ. ಈಗ ದೊಡ್ಡ ಕಂಪನಿ ಕೇಳುತ್ತಿದೆ ಎಂದರೆ ಸುಮ್ಮನಿರಲು ನಾನೇನು ಕಲ್ಲೇ?

ಒಂದೇ ತೊಡಕು. ನನ್ನ ಫೋನಿಗೆ ಅರ್ಹತೆ ಇರಲಿಲ್ಲ. ‘ಈ ಸಾಧನ ತುಂಬಾ ಹಳೆಯದು’ ಎಂದು ಮುಖಕ್ಕೆ ಹೊಡೆದಂತೆ ತೋರಿಸಿತು. ಅರ್ಹತೆ ಇದ್ದದ್ದು ನನ್ನ ಹೆಂಡತಿ ಉಜ್ವಲಾಳ ಫೋನಿಗೆ. ಅದನ್ನು ಕೊಹಿನೂರದಲ್ಲಿರುವ ಅವಳ ಅಣ್ಣ ಮಡೆಪ್ಪ, ಸೋಯಾ ಚೆನ್ನಾಗಿ ಬಂದ ಖುಷಿಯಲ್ಲಿ, ಹೋದ ದೀಪಾವಳಿಗೆ ಬಸವಕಲ್ಯಾಣದ ಜುಬೇರನ ಅಂಗಡಿಯಿಂದ ಕೊಡಿಸಿದ್ದ. ಸಲಹೆಗೆಂದು ಜುಬೇರನಿಗೇ ಫೋನ್ ಹಚ್ಚಿದೆ.

“ಬ್ಯಾಡ್ರಿ ಸಾಹೇಬ್ರ, ಅದು ಇನ್ನಾ ಕಚ್ಚಾ ಮಾಲ್ ಅದ” ಎಂದ.

“ಹೊಸದಂದ್ರ ನಿನಗ್ಯಾಕ ಅಷ್ಟು ಅಂಜಿಕಿ?”

“ನನಗ್ಯಾಕ ಅಂಜಿಕಿರಿ? ಫೋನ್ ನಿಮ್ಮ ಮನಿಯವ್ರದು. ಅಂಜಿಕಿ ನಿಮಗಿರಬೇಕು.”

ವ್ಯಾಪಾರಿಗಳ ಮಾತು ಕೇಳಿದರೆ ಲೋಕ ಮುಂದುವರಿಯುವುದಿಲ್ಲ. ನಾನು ಫೋನನ್ನು ಕೈಗೆತ್ತಿಕೊಂಡೆ. ಉಜ್ವಲಾ ಒಳಗೆ ಶೇಂಗಾ ಹುರಿಯುತ್ತಿದ್ದಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ತವರಿಗೆ ಒಯ್ಯಲು ಉಂಡಿಯ ತಯಾರಿ ನಡೆದಿತ್ತು.

“ಏನ್ ಮಾಡಾಕತ್ತೀರಿ ನನ್ನ ಫೋನಿಗೆ?”

“ಸುಧಾರಣಿ.”

“ನಿಮ್ಮದಕ್ಕ ಮಾಡ್ಕೋರಿ.”

“ನನ್ನದು ಸುಧಾರಿಸೂದಿಲ್ಲ.”

“ಅದು ನನಗ ಮೊದಲಿಂದ ಗೊತ್ತದ” ಎಂದು ಸೌಟು ತಿರುವಿದಳು.

ಅಪ್‌ಡೇಟ್ ಮುಗಿಯುವ ಹೊತ್ತಿಗೆ ಫೋನು ಎಷ್ಟು ಕಾದಿತ್ತೆಂದರೆ ಉಂಡಿಯ ಬೆಲ್ಲವನ್ನು ಅದರ ಮೇಲೇ ಕರಗಿಸಬಹುದಿತ್ತು. ಗಡಿಯಾರ ಒತ್ತಿದರೆ ಕ್ಯಾಮೆರಾ ತೆರೆಯಿತು, ಕ್ಯಾಮೆರಾ ಒತ್ತಿದರೆ ಟಾರ್ಚು ಹತ್ತಿತು. ಉಳಿಸಿಟ್ಟ ಹೆಸರುಗಳೆಲ್ಲ ಎದ್ದು ಹೋಗಿ ಬರೀ ನಂಬರುಗಳು ಉಳಿದವು. ಇವೆಲ್ಲ ಸಣ್ಣಪುಟ್ಟ ಬಾಲಗ್ರಹಗಳು. ಇವುಗಳಿಗೆ ಬದಲಾಗಿ ಸಿಕ್ಕ ರತ್ನವೊಂದಿತ್ತು, ಅದರ ಹೆಸರು ‘ಕರೆ ಕಾವಲು’. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಫೋನು ರಿಂಗಾಗುವುದಿಲ್ಲ. ಒಳಗೆ ಕುಳಿತ ಒಬ್ಬ ಹೆಂಗಸು, ವಾರ್ತೆ ಓದುವವರ ಕನ್ನಡದಲ್ಲಿ, ನೀವು ಯಾರು, ಏನು ಕೆಲಸ ಎಂದು ವಿಚಾರಿಸುತ್ತಾಳೆ. ಉತ್ತರ ಅವಳಿಗೆ ಸರಿಬಂದರೆ ಮಾತ್ರ ಒಳಗೆ ಬಿಡುತ್ತಾಳೆ, ಇಲ್ಲದಿದ್ದರೆ ಕರೆ ಬಂದ ಗುರುತನ್ನೂ ಉಳಿಸುವುದಿಲ್ಲ. ಲಾಟರಿ ಹತ್ತಿದೆ, ಖಾತೆ ಬಂದಾಗಿದೆ ಎಂದು ಕಾಡುವ ಕಳ್ಳರಿಗೆ ಇದೇ ಮದ್ದು ಎಂದು ನಾನು ‘ಸಡಿಲ’ ಬಿಟ್ಟು ‘ಕಟ್ಟುನಿಟ್ಟು’ ಒತ್ತಿದೆ. ಅಪ್‌ಡೇಟಿಗೆ ಈಗ ಎಲ್ಲ ನಂಬರೂ ಗೊತ್ತಿಲ್ಲದ ನಂಬರೇ ಎಂಬುದು ಆ ಕ್ಷಣ ನನ್ನ ತಲೆಗೆ ಹೊಳೆಯಲಿಲ್ಲ.

ಮನೆಯಲ್ಲಿ ಎಂಥ ಶಾಂತಿ ನೆಲೆಸಿತು. ಫೋನು ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನು ಕಂಪನಿಗೆ ಬರೆದೆ: ‘ಕರೆ ಕಾವಲು ಅತ್ಯದ್ಭುತ. ಒಬ್ಬ ದುಷ್ಟನೂ ಒಳಗೆ ಬಂದಿಲ್ಲ. ಕುಟುಂಬ ನೆಮ್ಮದಿಯಿಂದಿದೆ.’

ನಾನು ಇದನ್ನು ಬರೆಯುವಾಗ ಕುಟುಂಬ ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿತ್ತು. ಈರುಳ್ಳಿ ಇರಬೇಕೆಂದು ನೋಡಿದೆ. ಈರುಳ್ಳಿ ಇರಲಿಲ್ಲ.

“ಏನಾತು?”

“ಏನಾಗ್ಬೇಕು? ಪಂಚಮಿ ಬಂತು. ಅಣ್ಣಂದು ಒಂದು ಫೋನಿಲ್ಲ.”

ನಮ್ಮ ಕಡೆ ಪಂಚಮಿಗೆ ಅಣ್ಣ ಕರೆಯಬೇಕು, ತಂಗಿ ಹೋಗಬೇಕು. ಕರೆಯದೆ ಹೋಗುವಂತಿಲ್ಲ. ಕರೆ ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಕೇಳಿ ಕರೆಸಿಕೊಂಡು ಹೋದರೆ ಅದು ತವರಲ್ಲ, ಧರ್ಮಛತ್ರ. ಮದುವೆಯಾದಾಗಿನಿಂದ ಮಡೆಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಮೊದಲು ಫೋನ್ ಮಾಡಿ “ಚೀಲ ಕಟ್ಟು” ಎನ್ನುತ್ತಿದ್ದ, ಮರುದಿನ ಜೀಪು ತರುತ್ತಿದ್ದ. ಚೀಲ ಈಗಾಗಲೇ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಅದನ್ನು ನೋಡಿ ನನಗೂ ಸುಮ್ಮನಿರಲಾಗಲಿಲ್ಲ.

“ನೀನ ಒಂದು ಫೋನ್ ಹಚ್ಚಿ ನೋಡು” ಎಂದೆ.

“ಕರಿ ಅಂತ ನಾ ಬೇಡಬೇಕೇನು? ವೈನಿ ಕಿವಿ ಊದಿರ್ಬೇಕು ಬಿಡ್ರಿ. ನನಗ ತವರು ಮುಗೀತು.”

ಪಾಪ, ಆ ವೈನಿ, ಅಂದರೆ ಮಡೆಪ್ಪನ ಹೆಂಡತಿ, ಕೊಹಿನೂರದಲ್ಲಿ ನಾದಿನಿಗಾಗಿ ಜೋಕಾಲಿಯ ಹಗ್ಗ ಹೊಸೆಯಿಸುತ್ತಿದ್ದಳೆಂದು ಆಮೇಲೆ ತಿಳಿಯಿತು.

ನನಗೆ ಮೊದಲ ಅನುಮಾನ ಹುಟ್ಟಿಸಿದವಳು ಎದುರುಮನೆಯ ಅಂಬುಬಾಯಿ. ಬೆಳಗ್ಗೆ ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದೇ ಬಂದಳು.

“ಯಣ್ಣಾ, ನಿಮ್ಮ ಮನ್ಯಾಗ ಯಾರು ಬಂದಾರ? ಉಜ್ವಲಾಗ ಫೋನ್ ಮಾಡಿದ್ರ ಒಬ್ಬಾಕಿ ಎತ್ತಿದಳು. ಉದ್ದೇಶ ತಿಳಿಸಿ ಅಂದಳು. ಒಂದು ವಾಟಿ ಸಕ್ಕರಿ ಬೇಕವ್ವ ಅಂದೆ. ಅವರು ಲಭ್ಯವಿಲ್ಲ ಅಂದಳು. ಉಜ್ವಲಾ ನನ್ನ ಕಣ್ಣ ಮುಂದ ಕಟ್ಟಿ ಮ್ಯಾಲ ಕುಂತು ಅಕ್ಕಿ ಹಸನ ಮಾಡಾಕತ್ತಿದ್ದಳು!”

ಸಕ್ಕರೆ ಕೇಳಿದವಳನ್ನೇ ತಳ್ಳಿದ ಕಾವಲು, ಭಾವನನ್ನು ಬಿಟ್ಟೀತೇ? ಕಾವಲು ಬಂದ್ ಮಾಡಲು ಒತ್ತಿದರೆ ಟಾರ್ಚು ಹತ್ತಿತು. ಮನೆಯಲ್ಲಿ ಬಾಯಿ ಬಿಡುವ ಧೈರ್ಯವಾಗದೆ, ಫೋನನ್ನು ಜೇಬಿಗಿಳಿಸಿ ಬಸವಕಲ್ಯಾಣದ ಬಸ್ ಹತ್ತಿದೆ. ಜುಬೇರ ಅದನ್ನು ಮುಟ್ಟಿ ನೋಡಿ, ಬಿಸಿಗೆ ಕೈ ಜಾಡಿಸಿದ.

“ಹಳೇದು ವಾಪಸ್ ಹಾಕ್ತೇನ್ರಿ. ಆದ್ರ ಒಳಗಿನ ಫೋಟೋ ಗೀಟೋ ಎಲ್ಲಾ ಸಾಫ್ ಆಗ್ತಾವ. ಮನಿಯವ್ರನ್ನ ಕೇಳ್ರಿ.”

“ಕೇಳೂದಿದ್ದರ ಇಲ್ಲಿತನಕ ಯಾಕ ಬರ್ತಿದ್ದೆ?”

“ಹಂಗಾದ್ರ ಚಾ ಕುಡದು ಹೋಗ್ರಿ” ಎಂದ.

ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ಹುಮನಾಬಾದಿಗೆ ಮರಳಿದೆ. ಮನೆಯ ಮುಂದೆ ಜೀಪು ನಿಂತಿತ್ತು. ಹಾ, ಭಾವ ಕರೆಯಲು ಬಂದೇಬಿಟ್ಟ, ದೇವರು ದೊಡ್ಡವನು ಎಂದು ನಗುತ್ತ ಒಳಗೆ ಕಾಲಿಟ್ಟೆ. ಯಾರೂ ನಗಲಿಲ್ಲ. ಮಡೆಪ್ಪ ಹೊಸ್ತಿಲ ಈಚೆ ನಿಂತು ಮೀಸೆ ಕಡಿಯುತ್ತಿದ್ದ. ಅವರೂರಿನ ಹಿರಿಯ ಮಾಣಿಕಪ್ಪ, ಪಂಚಾಯಿತಿಗೆ ಹೊರಟವರಂತೆ ದೊಡ್ಡ ರುಮಾಲು ಸುತ್ತಿಕೊಂಡು, ನಮ್ಮ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದರು.

“ಏನ್ ಹುಡುಕಾಕತ್ತೀರಿ ಯಜಮಾನ್ರ?”

“ಆಕೀನ್ನ” ಎಂದರು ಮಾಣಿಕಪ್ಪ, ಮಂಚದ ಕೆಳಗಿನಿಂದಲೇ.

ಮಡೆಪ್ಪ ನನ್ನ ಮುಖ ನೋಡಲು ಇಷ್ಟವಿಲ್ಲದೆ ಗೋಡೆಯ ಕ್ಯಾಲೆಂಡರಿಗೆ ಹೇಳಿದ: “ಪಂಚಮಿಗೆ ಕರೀಲಾಕ ತಂಗಿಗ ಫೋನ್ ಹಚ್ಚೀನಿ. ಹಚ್ಚಿದಾಗೊಮ್ಮಿ ಯಾವಾಕೋ ಒಬ್ಬಾಕಿ ಎತ್ತಾಕತ್ತಾಳ. ಅವರ ಪರವಾಗಿ ನಾನೇ ಮಾತನಾಡುತ್ತಿದ್ದೇನೆ ಅಂತಾಳ. ಬೆಂಗಳೂರ ಮಾತು. ನನ್ನ ತಂಗೀನ್ನ ಮೂಲಿಗ ಕುಂದ್ರಿಸಿ, ಮನ್ಯಾಗ ಎಂಥಾಕೀನ್ನ ತಂದು ಇಟ್ಟಾನಿವ?”

“ಭಾವಾರ, ನನಗರ ಒಂದು ಫೋನ್ ಮಾಡಬಾರದಾ?”

“ಕಳ್ಳಗ ಫೋನ್ ಮಾಡಿ, ಕಳವು ಮಾಡೀಯೇನಪಾ ಅಂತ ಕೇಳಬೇಕಿತ್ತೇನು?” ಎಂದ, ಕ್ಯಾಲೆಂಡರಿಗೇ.

ಅಷ್ಟರಲ್ಲಿ ಹಿತ್ತಲಿನಿಂದ ಉಜ್ವಲಾ ಬಂದಳು. ಅಣ್ಣನನ್ನು ಕಂಡು ಮುಖ ಅರಳಿತು, ಕೂಡಲೇ ಬಾಡಿತು.

“ಈಗ ನೆನಪಾದಳೇನು ತಂಗಿ?” ಎಂದಳು.

“ನೆನಪಾದಳೇನು ಅಂತ ನನಗ ಕೇಳ್ತೀಯಲ್ಲ. ಮೊದಲ ಹೇಳು, ಆಕಿ ಎಲ್ಲಿ?”

“ಯಾವಾಕಿ?”

“ನಿನ್ನ ಫೋನ್ ಎತ್ತೂವಾಕಿ.”

ಉಜ್ವಲಾ ನಿಧಾನವಾಗಿ ನನ್ನ ಕಡೆ ತಿರುಗಿದಳು. “ಯಾರ್ರೀ ಆಕಿ?” ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೆಲ್ಲಗೆ ಮಾತನಾಡಿದ್ದು ನಾನು ಕೇಳಿಲ್ಲ. ಕಿಟಕಿಯಲ್ಲಿ ಅಂಬುಬಾಯಿ, “ನಾನೂ ಮಾತಾಡೀನ್ರಿ ಆಕಿ ಕೂಡ” ಎಂದು ಕೇಳದೆಯೇ ಸಾಕ್ಷಿ ನುಡಿದಳು.

ನಾನು ಜೇಬಿನಿಂದ ಫೋನು ತೆಗೆದು ಎಲ್ಲರ ನಡುವೆ ಮಣೆಯ ಮೇಲೆ ಇಟ್ಟೆ. “ಭಾವಾರ, ಈಗ ಹಚ್ಚಿ ನೋಡ್ರಿ. ಸ್ಪೀಕರ್ ಮ್ಯಾಲ ಇಡ್ರಿ” ಎಂದೆ.

ಮಡೆಪ್ಪ ಹಚ್ಚಿದ. ಮಣೆಯ ಮೇಲಿನ ಫೋನು ಮಿಸುಕಲಿಲ್ಲ. ಅವನ ಕೈಯಲ್ಲಿನ ಫೋನಿನಿಂದ ಜೇನಿನಂಥ ದನಿ ಬಂತು: “ನಮಸ್ಕಾರ. ಉಜ್ವಲಾ ಅವರ ಪರವಾಗಿ ನಾನು ಮಾತನಾಡುತ್ತಿದ್ದೇನೆ. ನಿಮ್ಮ ಹೆಸರು ಮತ್ತು ಕರೆಯ ಉದ್ದೇಶ ತಿಳಿಸಿ.”

“ಏ, ನಾ ಆಕಿ ಅಣ್ಣ. ಅಣ್ಣಗ ಉದ್ದೇಶ ಕೇಳ್ತಿ? ನೀ ಯಾರ ಮಗಳವಾ?”

“ಕ್ಷಮಿಸಿ. ನಿಮ್ಮ ಉದ್ದೇಶ ಸ್ಪಷ್ಟವಾಗಿಲ್ಲ.”

ಮಡೆಪ್ಪ ಉದ್ದೇಶವನ್ನು ಸ್ಪಷ್ಟಪಡಿಸಿದ. ಅದನ್ನು ಇಲ್ಲಿ ಬರೆಯುವಂತಿಲ್ಲ.

“ನಿಮ್ಮ ಭಾಷೆ ಅನುಚಿತವಾಗಿದೆ. ಕರೆಯನ್ನು ಮುಕ್ತಾಯಗೊಳಿಸಲಾಗುತ್ತಿದೆ” ಎಂದು ಅವಳು ಇಟ್ಟುಬಿಟ್ಟಳು.

ಮಾಣಿಕಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡರು. “ಹೆಂಗಸಲ್ಲೇನಿದು? ಮಷೀನೇನು? ಮತ್ತ ನಾ ಮಂಚದ ಬುಡಕ ಯಾಕ ಹೊಕ್ಕೆ?” ಎಂದರು. ಉಜ್ವಲಾಳಿಗೆ ಎಲ್ಲ ತಿಳಿದದ್ದು ಆಗ. ಅಣ್ಣ ಮರೆತಿರಲಿಲ್ಲ. ಮತ್ತೆ ಮತ್ತೆ ಕರೆದಿದ್ದ, ಮತ್ತೆ ಮತ್ತೆ ಬೈಸಿಕೊಂಡಿದ್ದ. ಅವಳು ಅಣ್ಣನ ತೋಳು ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. ಅಣ್ಣ ಕೊಡಿಸಿದ ಫೋನಿಗೆ ಅಣ್ಣನೇ ಅಪರಿಚಿತನಾಗುವಂತೆ ಮಾಡಿದ ಸುಧಾರಕ ಯಾರೆಂದು ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು. ನಾನು ಕ್ಯಾಲೆಂಡರು ನೋಡಿದೆ.

“ಚೀಲ ಕಟ್ಟು” ಎಂದ ಮಡೆಪ್ಪ.

“ಕಟ್ಟೇ ಅದ” ಎಂದಳು.

ಜೀಪು ಹತ್ತುವಾಗ ನಾನು ಪ್ರಾಯಶ್ಚಿತ್ತಕ್ಕೆಂದು, “ತಡಿ, ಜುಬೇರನ ಕಡೆ ಆ ಕಾವಲು ತಗಿಸಿ ಕೊಡ್ತೀನಿ” ಎಂದೆ.

“ಬ್ಯಾಡ, ಇರ್ಲಿ. ಇದರಾಗ ನಾ ಏನರ ಬರದ್ರ, ಫೋನ್ ಮಾಡಿದವ್ರಿಗೆ ಆಕಿ ಓದಿ ಹೇಳ್ತಾಳೇನು?”

“ಹೇಳ್ತಾಳ. ಒಂದಕ್ಷರ ಬಿಡೂದಿಲ್ಲ” ಎಂದೆ. ನನ್ನ ಅಪ್‌ಡೇಟಿನ ಬಗ್ಗೆ ಅವಳಿಗೆ ಕಡೆಗೂ ಆಸಕ್ತಿ ಹುಟ್ಟಿತಲ್ಲ ಎಂದು ಎದೆ ಉಬ್ಬಿತು. ಅವಳು ಹೌದಾ ಎಂದು ಫೋನನ್ನು ಸೆರಗಿನಿಂದ ಒರೆಸಿಕೊಂಡಳು.

ಹಬ್ಬದ ದಿನ ಮಧ್ಯಾಹ್ನ ಅಡುಗೆಮನೆಗೆ ಹೋದೆ. ಉಂಡಿಗಳೆಲ್ಲ ಕೊಹಿನೂರಕ್ಕೆ ಹೋಗಿದ್ದವು. ಅಂಬುಬಾಯಿ ತವರಿಗೆ ಹೋಗಿದ್ದಳು. ಖಾನಾವಳಿಯವನು ಹಬ್ಬವೆಂದು ಬಾಗಿಲು ಹಾಕಿದ್ದ. ಹೊಟ್ಟೆ ತಾಳ ಹಾಕುತ್ತಿತ್ತು. ಉಜ್ವಲಾಳಿಗೆ ಫೋನ್ ಹಚ್ಚಿದೆ.

“ನಮಸ್ಕಾರ. ನಿಮ್ಮ ಹೆಸರು ಮತ್ತು ಕರೆಯ ಉದ್ದೇಶ ತಿಳಿಸಿ.”

“ನಾನು ಸಂತೋಷಕುಮಾರ. ಗಂಡ.”

“ಉದ್ದೇಶ?”

“ಹಸಿವಿ” ಎಂದೆ, ಸ್ಪಷ್ಟವಾಗಿ. ಭಾವನಿಗಾದ ಗತಿ ನೆನಪಿತ್ತು.

“ದಯವಿಟ್ಟು ನಿರೀಕ್ಷಿಸಿ.” ನಿರೀಕ್ಷಿಸಿದೆ. ಆಚೆ ಜೋಕಾಲಿ ಒಂದು ಸುತ್ತು ಮುಗಿಯುವಷ್ಟು ಹೊತ್ತು ಹಿಡಿಯಿತು. ಬಳಿಕ ಆ ಜೇನಿನ ದನಿ, ವಾರ್ತೆ ಓದಿದಷ್ಟೇ ಗಂಭೀರವಾಗಿ, ನನ್ನ ಹೆಂಡತಿಯ ಮಾತನ್ನು ಅಕ್ಷರ ಬಿಡದೆ ಓದಿತು:

“ಉಜ್ವಲಾ ಅವರಿಂದ ಸಂದೇಶ. ಎಲ್ಲಾರ ಹೆಸರು ಮತ್ತ ಫೋನಿನ್ಯಾಗ ಹಾಕೀನಿ. ನಿಮ್ಮದೊಂದ ಬಿಟ್ಟೀನಿ. ಅಕ್ಕಿ ಡಬ್ಬ್ಯಾಗ ಅದ, ಬ್ಯಾಳಿ ಗ್ವಾಡಿ ಮಾಡದಾಗ ಅದ. ಕುದಿಸ್ಕೊಂಡು ಉಣ್ರಿ. ಉಂಡ ಮ್ಯಾಲ ಹ್ಯಾಂಗಾಗಿತ್ತು ಅಂತ ಮೊದಲ ಅನುಭವ ಬರದು ಕಳಸ್ರಿ.”