ಹಾಲಪ್ಪಜ್ಜನ ಪುಕ್ಕಟೆ ಫೋಟೊ

ನನ್ನ ಮುಖ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಇದು ಜಂಬದ ಮಾತಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಗುವನ್ನು ನನ್ನ ಮಡಿಲಿಗೆ ಹಾಕಿ, ಕೆಳಗಿಳಿದು ಬಾಳೆಹಣ್ಣು ಚೌಕಾಸಿ ಮಾಡಿಕೊಂಡು ಬರುತ್ತಾರೆ. ಇಂಥ ಮುಖ ಇಟ್ಟುಕೊಂಡೇ ನಾನು ಚನ್ನಗಿರಿಯಲ್ಲಿ ಇಷ್ಟು ವರ್ಷ ಫೋಟೊ ಸ್ಟುಡಿಯೊ ನಡೆಸಿದ್ದೇನೆ.

ನಡೆಸಿದ್ದೇನೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಈಚೆಗೆ ಅದು ನಡೆಯುತ್ತಿರಲಿಲ್ಲ, ಕೂತಿತ್ತು. ಎಲ್ಲರ ಜೇಬಿನಲ್ಲೂ ಮೊಬೈಲು. ಜಗಳೂರು ದಾಟಿ ಸೊಕ್ಕೆಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲ ಸುತ್ತ ಮೊಬೈಲು ಹಿಡಿದ ಸೋದರತ್ತೆಯರು ಕೋಟೆ ಕಟ್ಟಿ ನಿಂತಿದ್ದರು. ಆಲ್ಬಂ ತುಂಬ ಬರೀ ಬೆನ್ನು! ಕೂಸಿನ ಕಾಲಿನ ಹೆಬ್ಬೆರಳು ಒಂದು ಕಡೆ ಕಾಣುತ್ತದೆ, ಅಷ್ಟೆ.

ಕೈ ಬಿಡದೆ ಬರುತ್ತಿದ್ದದ್ದು ಒಂದೇ ಕೆಲಸ, ಶ್ರದ್ಧಾಂಜಲಿ ಫ್ಲೆಕ್ಸು. ಯಾರೋ ಒಬ್ಬರು ಕಣ್ಣೊರೆಸಿಕೊಂಡು ಬಂದು ಹಳೆಯ ಮದುವೆಯ ಗುಂಪು ಫೋಟೊ ಕೊಟ್ಟು, ‘ಇದ್ರಾಗೆ ನಮ್ಮಜ್ಜನ್ನ ಬಿಡಿಸಿ ಕೊಡ್ರಿ’ ಅನ್ನುತ್ತಾರೆ. ಅಜ್ಜ ಯಾರದೋ ಮೊಣಕೈ ಹಿಂದೆ ಅರ್ಧ ಮುಖ ಮಾಡಿ ನಿಂತಿರುತ್ತಾನೆ. ಆ ಅರ್ಧಕ್ಕೆ ಇನ್ನರ್ಧ ಸೇರಿಸಿ, ಕೆಳಗೆ ಒಂದು ನೀಲಿ ಕೋಟು ಕೂರಿಸುತ್ತೇನೆ. ನನ್ನ ಕಂಪ್ಯೂಟರಿನಲ್ಲಿರುವುದು ಒಂದೇ ಕೋಟು. ಬದುಕಿದ್ದಷ್ಟು ದಿನ ಪಂಚೆ ಬನಿಯನ್ನಿನಲ್ಲೇ ಕಳೆದ ನಮ್ಮ ತಾಲೂಕಿನ ಅಜ್ಜಂದಿರೆಲ್ಲ ಹೋದ ಮೇಲೆ ಅದೇ ನೀಲಿ ಕೋಟಿನಲ್ಲಿ ಮಿಂಚುತ್ತಿದ್ದಾರೆ.

ಹೀಗಿರುವಾಗ ಸುದ್ದಿ ಬಂತು. ಅಡಿಕೆ ಮಂಡಿ ಬಸವರಾಜಪ್ಪನವರ ಮಗಳ ಮದುವೆ ಗೊತ್ತಾಗಿದೆ! ದೊಡ್ಡ ಮದುವೆ. ಇದೊಂದು ಸಿಕ್ಕರೆ ಸ್ಟುಡಿಯೊ ಉಳಿಯುತ್ತದೆ. ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ನನ್ನ ಹೆಂಡತಿ ಸುಮ ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

‘ನೋಡ್ರಿ, ಈ ಮದ್ವೆನೂ ಕೈತಪ್ಪಿದ್ರೆ ಅರ್ಧ ಅಂಗಡಿ ನಂಗೆ ಬಿಟ್ಟುಕೊಡ್ರಿ. ಮಷಿನ್ ಹಾಕ್ಕೊಂಡು ಬ್ಲೌಸ್ ಹೊಲಿತೀನಿ.’

‘ಕಲೆಯ ಮಂದಿರದಲ್ಲಿ ಬ್ಲೌಸೇ?’ ಅಂದೆ.

‘ಮಂದಿರದಾಗೆ ಜೇಡ ಬಲೆ ಕಟ್ಟೈತೆ, ನೋಡ್ಕೊಂಡು ಮಾತಾಡ್ರಿ’ ಅಂದಳು.

ನನ್ನ ಎದುರಾಳಿ ಹೊನ್ನಾಳಿಯ ಒಬ್ಬ ಹುಡುಗ. ಅವನ ಹತ್ತಿರ ಡ್ರೋನ್ ಇದೆ. ಚನ್ನಗಿರಿಯ ಆಕಾಶದಲ್ಲಿ ಹದ್ದು ಹಾರಿದರೂ ನನಗೆ ಅವನ ಮೇಲೇ ಗುಮಾನಿ. ಅವನನ್ನು ಸೋಲಿಸುವ ಉಪಾಯ ನನಗೆ ಮೊಬೈಲಿನ ಒಂದು ವಿಡಿಯೊದಲ್ಲಿ ಸಿಕ್ಕಿತು. ಟೈ ಕಟ್ಟಿದ ಮಹನೀಯರೊಬ್ಬರು ಹೇಳಿದರು: ‘ಗ್ರಾಹಕರ ಬಳಿ ಕೆಲಸ ಕೇಳಬೇಡಿ. ಮೊದಲು ಅವರ ಮನೆಯ ಸದಸ್ಯರಾಗಿ. ಏನಾದರೂ ಪುಕ್ಕಟೆ ಕೊಡಿ. ಕೆಲಸ ತಾನಾಗಿ ಬರುತ್ತದೆ.’

ನನಗೆ ತಕ್ಷಣ ಹೊಳೆಯಿತು. ಬಸವರಾಜಪ್ಪನವರ ತಂದೆ ಹಾಲಪ್ಪಜ್ಜ ಸವಳಂಗದಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಅಜ್ಜನದೊಂದು ಅಂದವಾದ ಫೋಟೊ ತೆಗೆದು, ಕಟ್ಟು ಹಾಕಿಸಿ, ಮಂಡಿಗೆ ಹೋಗಿ ಕೊಟ್ಟರೆ? ಬಸವರಾಜಪ್ಪನವರ ಕಣ್ಣು ತುಂಬಿ ಬರುತ್ತದೆ. ಮದುವೆ ನನ್ನದೇ!

‘ಪುಕ್ಕಟೆ ಅಂದ್ರೆ ನಮ್ಮ ಕಡೆ ಯಾರು ನಂಬ್ತಾರ್ರಿ?’ ಅಂದಳು ಸುಮ. ‘ಪುಕ್ಕಟೆ ಕೊಡೋನ ಹಿಂದೆ ಏನೋ ಐತೆ ಅಂತಾರೆ.’

‘ನನ್ನ ಮುಖ ನೋಡಿದರೆ ಯಾರಿಗೂ ಅನುಮಾನ ಬರಲ್ಲ’ ಅಂದು ಬೈಕು ಹತ್ತಿದೆ.

ಬರಿಗೈಯಲ್ಲಿ ಹೋಗುವುದು ಸದಸ್ಯನಿಗೆ ಶೋಭೆಯಲ್ಲ. ದಾರಿಯಲ್ಲಿ ಬ್ರೆಡ್ಡು, ಮೂಸಂಬಿ, ಎಳನೀರು ತೆಗೆದುಕೊಂಡೆ. ಇವನ್ನೆಲ್ಲ ಯಾರಿಗೆ ಒಯ್ಯುತ್ತಾರೆ ಎಂಬುದು ಸವಳಂಗದಲ್ಲಿ ಬಾಗಿಲು ತಟ್ಟುವವರೆಗೆ ನನ್ನ ತಲೆಗೆ ಬರಲಿಲ್ಲ.

ಬಾಗಿಲು ತೆಗೆದವರು ಕಿರಿಯ ಸೊಸೆ ಶಾರದಮ್ಮ. ಬ್ರೆಡ್ಡು ನೋಡಿದರು. ಮೂಸಂಬಿ ನೋಡಿದರು.

‘ಮಾವಾರಿಗೆ ಏನಾಗೈತೆ ಅಂತ ಯಾರು ಹೇಳಿದ್ರು ನಿಮ್ಗೆ?’

‘ಏನೂ ಆಗಿಲ್ಲಮ್ಮ. ಸುಮ್ಮನೆ ಒಂದು ಫೋಟೊ ತೆಗೆಯೋಣ ಅಂತ ಚನ್ನಗಿರಿಯಿಂದ ಬಂದೆ. ಪುಕ್ಕಟೆ.’

‘ಯಾರು ಕಳಿಸಿದ್ದು?’

‘ಯಾರೂ ಕಳಿಸಿಲ್ಲ.’

‘ಯಾರೂ ಕಳಿಸ್ದಲೆ ಚನ್ನಗಿರಿಯಿಂದ ಇಲ್ಲಿಗಂಟ ಬಂದೀರಾ? ನಮ್ಮ ಭಾವಾರು ಕಳಿಸಿರ್ಬೇಕು. ಆಸ್ತಿ ಕಾಗದಕ್ಕೆ ಹೆಬ್ಬೆಟ್ಟು ಗಿಬ್ಬೆಟ್ಟು ಒತ್ತಿಸ್ಕೊಳ್ಳಾಕೆ ಬಂದಿಲ್ಲ ತಾನೆ?’

ನನ್ನ ಕ್ಯಾಮೆರಾ ಚೀಲ ಜಗಲಿಯ ಮೇಲೆ ಪೂರ್ತಿ ಖಾಲಿಯಾಯಿತು. ಇಂಕ್ ಪ್ಯಾಡು ಸಿಗಲಿಲ್ಲ. ಲೆನ್ಸಿನ ಒಳಗೂ ಇಣುಕಿ ನೋಡಿದ ಮೇಲೆ ನನ್ನನ್ನು ಕೂರಲು ಹೇಳಿದರು.

ಹಾಲಪ್ಪಜ್ಜ ಜಗಲಿಯಲ್ಲೇ ಕೂತು ಕುಡುಗೋಲು ಮಸೆಯುತ್ತಿದ್ದರು. ಕಲ್ಲಿನಂಥ ಆಳು. ಕಿವಿ ಮಾತ್ರ ಸ್ವಲ್ಪ ಮಂದ.

‘ನಂದು ಫೋಟೊ ಯಾಕೋ ತಮ್ಮ?’

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ವೃತ್ತಿಯ ಅನುಭವ ಸುಮ್ಮನಿರಲು ಬಿಡಬೇಕಲ್ಲ! ‘ಒಂದು ಒಳ್ಳೆ ಫೋಟೊ ಇರಬೇಕು ಅಜ್ಜ. ಆ ಸಮಯಕ್ಕೆ ಹುಡುಕಿದರೆ ಸಿಗಲ್ಲ’ ಅಂದೆ.

ಕುಡುಗೋಲು ನಿಂತಿತು.

‘ಯಾವ ಸಮಯಕ್ಕೆ?’

ಶಾರದಮ್ಮ ನನ್ನನ್ನೇ ನೋಡುತ್ತಿದ್ದರು. ಕುಡುಗೋಲೂ ನನ್ನ ಕಡೆಗೇ ನೋಡುತ್ತಿತ್ತು. ‘ಮೊಮ್ಮಗಳ ಮದುವೆ ಸಮಯಕ್ಕೆ! ಮದುವೆ ಫ್ಲೆಕ್ಸಿನಲ್ಲಿ ಮೇಲೆ ಅಜ್ಜನ ಆಶೀರ್ವಾದ ಇರಬೇಡವೇ?’ ಅಂದೆ. ಅಜ್ಜನ ಮುಖ ಅರಳಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಜ್ಜ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದರು. ನಾನು ಜಗಲಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದೆ. ಕುರ್ಚಿ ಹಾಕಿ ನೆಟ್ಟಗೆ ಕೂರಿಸಿದೆ. ಏನೋ ಬೋಳು ಬೋಳು ಅನಿಸಿತು. ಅಂಗಳದ ಚೆಂಡು ಹೂವು ನಾಲ್ಕು ಕಿತ್ತು ಕುರ್ಚಿಗೆ ಸಿಕ್ಕಿಸಿದೆ. ಕ್ಲಿಕ್ ಮಾಡಿದಾಗಲೆಲ್ಲ ಅಜ್ಜ ರೆಪ್ಪೆ ಬಡಿಯುತ್ತಿದ್ದರು. ಅದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಮದ್ದಿದೆ. ‘ಅಜ್ಜ, ಕಣ್ಣು ಮುಚ್ಚಿಕೊಂಡಿರಿ. ನಾನು ತೆಗೀರಿ ಅಂದಾಗ ತೆಗೀರಿ.’

ಅಜ್ಜ ಕಣ್ಣು ಮುಚ್ಚಿದರು. ಅದೇ ಗಳಿಗೆಗೆ ನನ್ನ ಬ್ಯಾಟರಿಯೂ ಕಣ್ಣು ಮುಚ್ಚಿತು!

ಚೀಲದಲ್ಲಿ ಇನ್ನೊಂದು ಬ್ಯಾಟರಿ ಇರಬೇಕಿತ್ತು. ಶಾರದಮ್ಮ ತಪಾಸಣೆ ಮಾಡಿದ ಮೇಲೆ ಯಾವುದು ಎಲ್ಲಿದೆಯೋ ಶಿವನಿಗೇ ಗೊತ್ತು. ನಾನು ಹುಡುಕುವಷ್ಟರಲ್ಲಿ ಅಜ್ಜನಿಗೆ ಹಾಗೇ ನಿದ್ದೆ ಹತ್ತಿತು. ಶಾರದಮ್ಮ ಚಹಾ ಮಾಡಲು ಒಳಗೆ ಹೋಗಿದ್ದರು. ಆಗ ಪಕ್ಕದ ಮನೆಯ ನಾಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಬಂದರು. ಅಜ್ಜನನ್ನು ನೋಡಿ ಕಲ್ಲಾಗಿ ನಿಂತರು.

ಅಜ್ಜನಿಗೆ ಎಚ್ಚರವಾದೀತು ಎಂದು ನಾನು ತುಟಿಯ ಮೇಲೆ ಬೆರಳಿಟ್ಟು, ‘ಸದ್ದು ಮಾಡಬೇಡಿ. ನೆಮ್ಮದಿಯಾಗಿದ್ದಾರೆ’ ಅಂದೆ.

ಲೋಟ ಕೈಜಾರಿ ಠಣ್ಣೆಂದಿತು. ನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಓಡಿದರು. ಎಂಥ ಹೆಂಗಸಪ್ಪ ಅಂದುಕೊಂಡು ತಿರುಗಿ ಅಜ್ಜನನ್ನು ನೋಡಿದೆ. ಆಗ ಹೊಳೆಯಿತು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಮಡಿ ಉಡಿಸಿ, ವಿಭೂತಿ ಹಚ್ಚಿ, ಹೂವಿನ ಮಧ್ಯೆ ನೆಟ್ಟಗೆ ಕೂರಿಸುತ್ತಾರೆ. ಅಂಥ ಫೋಟೊ ನಾನೇ ಎಷ್ಟು ತೆಗೆದಿಲ್ಲ! ಈಗ ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ, ಬದುಕಿರುವ ಅಜ್ಜನನ್ನು ಒಂದು ಲೋಪವೂ ಇಲ್ಲದ ಹಾಗೆ ಕೂರಿಸಿದ್ದೆ.

ಎಬ್ಬಿಸೋಣ ಅಂದುಕೊಳ್ಳುವಷ್ಟರಲ್ಲಿ ಅಂಗಳ ತುಂಬಿತು. ‘ಬ್ರೆಡ್ಡು ತಂದಾಗ್ಲೇ ನಂಗೆ ಗುಮಾನಿ ಬಂದಿತ್ತು’ ಅಂದರು ಯಾರೋ. ಒಬ್ಬ ಹುಡುಗ ಗೇಟಿನಲ್ಲೇ ನಿಂತು ಮೊಬೈಲಿನಲ್ಲಿ ಅಜ್ಜನನ್ನು ಹಿಡಿದು ‘ಶಿವಾಧೀನರಾದರು’ ಎಂದು ಸ್ಟೇಟಸ್ಸಿಗೆ ಹಾಕಿಬಿಟ್ಟ. ಕೂರಿಸಿದವನು ನಾನು, ಬಟ್ಟೆ ಕಟ್ಟಿದವನು ನಾನು, ಫೋಟೊ ಮಾತ್ರ ಮೊಬೈಲಿನವನದು! ‘ಇಲ್ಲ, ಇಲ್ಲ, ನಿದ್ದೆ ಮಾಡ್ತಿದ್ದಾರೆ’ ಎಂದು ನಾನು ಕೂಗಿದೆ. ‘ಹೌದಪ್ಪ, ಪುಣ್ಯಾತ್ಮ. ಚಿರನಿದ್ದೆ’ ಎಂದು ಒಬ್ಬ ಹಿರಿಯರು ನನ್ನ ಹೆಗಲು ಸವರಿ ಸಮಾಧಾನ ಮಾಡಿದರು. ಆಮೇಲೆ ಬಗ್ಗಿ ಅಜ್ಜನ ಪಾದ ಹಿಡಿದರು.

ಅಜ್ಜ ಕಣ್ಣು ಬಿಟ್ಟರು.

‘ಯಾವನ್ಲಾ ಅವ್ನು ಕಾಲು ಹಿಡಿಯೋನು? ಮತ್ತೆ ಪಂಚಾಯ್ತಿ ಎಲೆಕ್ಷನ್‌ಗೆ ನಿಂತೀಯೇನು?’

ಆ ಹಿರಿಯರು ಹಿಂದಕ್ಕೆ ಕೂತುಬಿಟ್ಟರು. ಅರ್ಧ ಜನ ಓಡಿದರು. ಶಾರದಮ್ಮನ ಚಹಾದ ತಟ್ಟೆ ಬಾಗಿಲಲ್ಲೇ ಬಿತ್ತು. ಅಜ್ಜನನ್ನು ಮುಟ್ಟಿ ನೋಡಿ, ಗಿಲ್ಲಿ ನೋಡಿ, ಎಲ್ಲರಿಗೂ ನಂಬಿಕೆ ಬರುವ ಹೊತ್ತಿಗೆ ಸ್ಟೇಟಸ್ಸು ಹೊನ್ನಾಳಿ, ನ್ಯಾಮತಿ ಎಲ್ಲ ಸುತ್ತಿತ್ತು. ಗಂಡಿನ ಕಡೆಯವರು ಫೋನು ಮಾಡಿ ಮದುವೆ ಮುಂದಕ್ಕೆ ಹಾಕುವುದೋ ಹೇಗೆ ಎಂದು ಕೇಳಿದ್ದರು. ಬಸವರಾಜಪ್ಪನವರು ಮಂಡಿಗೆ ಬೀಗ ಹಾಕಿ, ಫೋನೂ ಎತ್ತದೆ ಅಳುತ್ತಾ ಕಾರಿನಲ್ಲಿ ಬಂದಿಳಿದರು. ಕೈಯಲ್ಲಿ ದೊಡ್ಡ ಹಾರ. ಎದುರಿಗೆ ಅಜ್ಜ ನಾನು ತಂದ ಎಳನೀರು ಕುಡಿಯುತ್ತಿದ್ದರು.

ಅಜ್ಜ ಮಗನನ್ನು ನೋಡಲಿಲ್ಲ, ಹಾರ ನೋಡಿದರು.

‘ಏನಪ್ಪಾ ಬಸ್ರಾಜ, ಹಾರ ಮೊದ್ಲೇ ಹೇಳಿ ಇಟ್ಟಿದ್ದೇನು?’

‘ಅಪ್ಪಾಜಿ, ಹಂಗಲ್ಲ…’

‘ಫೋಟೊದೋನ್ನ ನೀನೇ ಕಳಿಸಿದ್ದು ಹೌದಲ್ಲೋ? ಬ್ರೆಡ್ಡು ಅವನ ಕೈಯಾಗೆ, ಹಾರ ನಿನ್ನ ಕೈಯಾಗೆ. ಚೆನ್ನಾಗೈತಪ್ಪ!’

ಬಸವರಾಜಪ್ಪನವರ ಅಳು ನಿಂತು ಕಣ್ಣು ಕೆಂಪಾಯಿತು. ನನ್ನ ಕಡೆ ತಿರುಗಿದರು. ‘ಯಾರ್ರೀ ನೀವು?’

ಹೆದರಿಕೆಯಲ್ಲಿ ನನಗೆ ಟೈ ಕಟ್ಟಿದವನ ಮಾತೊಂದೇ ನೆನಪಿಗೆ ಬಂತು. ‘ನಾನು ನಿಮ್ಮ ಮನೆಯ ಸದಸ್ಯ’ ಅಂದೆ.

‘ಏನಂದ್ರಿ? ನಮ್ಮನೆ ಯಾವ ಸದಸ್ಯರ್ರೀ ನೀವು?’

ಶಾರದಮ್ಮ ‘ನಾನು ಆಗ್ಲೇ ಅಂದೆ, ಇದ್ರಾಗೆ ಏನೋ ಐತೆ’ ಅಂದರು. ನಾನು ತಡಬಡಿಸಿ ನನ್ನ ವಿಸಿಟಿಂಗ್ ಕಾರ್ಡು ತೆಗೆದುಕೊಟ್ಟೆ. ಬಸವರಾಜಪ್ಪನವರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು: ‘ಶ್ರದ್ಧಾಂಜಲಿ ಫ್ಲೆಕ್ಸ್‌ಗಳನ್ನು ತುರ್ತಾಗಿ ಮಾಡಿಕೊಡಲಾಗುವುದು.’

ಬೈಕು ಯಾವ ಗೇರಿನಲ್ಲಿ ಚನ್ನಗಿರಿ ಮುಟ್ಟಿತೋ ನನಗೆ ನೆನಪಿಲ್ಲ.

ಮದುವೆ ಹೊನ್ನಾಳಿಯವನಿಗೆ ಹೋಯಿತು. ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಮದುವೆಗೆ ನನಗೂ ಕರೆ ಬಂತು! ‘ಫೋಟೊದೋನ್ನ ಮರೀಬ್ಯಾಡ್ರಿ’ ಎಂದು ಅಜ್ಜ ಹಟ ಹಿಡಿದಿದ್ದರಂತೆ. ಇದರಲ್ಲೂ ಏನೋ ಇದೆ ಎಂದು ನನಗೆ ಅನುಮಾನ ಬಂತು. ಆದರೂ ಹೋಳಿಗೆ ಊಟ, ಹೋದೆ. ಅಜ್ಜ ನನ್ನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಹೊನ್ನಾಳಿ ಹುಡುಗನನ್ನು ಕರೆದರು.

‘ಇವಂದೊಂದು ಫೋಟೊ ತೆಗಿಯಪ್ಪ. ಪುಕ್ಕಟೆ. ಆ ಸಮಯಕ್ಕೆ ಹುಡುಕಿದ್ರೆ ಸಿಗಲ್ಲ.’ ಆಮೇಲೆ ನನ್ನ ಕಿವಿಯಲ್ಲಿ, ‘ಹೋಗೋದ್ರಾಗೆ ಹಿಂದೆ ಯಾರು ಮುಂದೆ ಯಾರು, ಶಿವನೇ ಬಲ್ಲ ಕಣೋ ತಮ್ಮ’ ಅಂದು ನಕ್ಕರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಮನೆಯ ಸದಸ್ಯನಂತೂ ಆಗಿದ್ದೆ. ಕೆಲಸ ಮಾತ್ರ ತಾನಾಗಿ ಬರಲಿಲ್ಲ.

ವಾರದೊಳಗೆ ಕಟ್ಟು ಹಾಕಿದ ಫೋಟೊ ಅಂಗಡಿಗೆ ಬಂತು. ನಾನು ಮದುವೆಗೆ ಹೋಗಿದ್ದು ಗೆರೆ ಅಂಗಿಯಲ್ಲಿ. ಫೋಟೊದಲ್ಲಿ ನೀಲಿ ಕೋಟು ಹಾಕಿದ್ದೇನೆ! ನನ್ನದೇ ಕೋಟು. ಅದು ಹೊನ್ನಾಳಿಯವನ ಕಂಪ್ಯೂಟರಿಗೆ ಹೇಗೆ ಹೋಯಿತು ಎಂಬ ಗುಮಾನಿ ನನಗೆ ಇನ್ನೂ ಹೋಗಿಲ್ಲ.

ಅಂಗಡಿಯ ಅರ್ಧಕ್ಕೆ ಈಗ ಪರದೆ ಬಿದ್ದಿದೆ. ಮುಂದಿನ ಭಾಗದಲ್ಲಿ ಸುಮಳ ಹೊಲಿಗೆ ಮಷಿನ್ನು. ಬ್ಲೌಸಿಗೆ ಏನು ಜನ, ಏನು ಜನ! ಮಷಿನ್ನಿನ ಮೇಲಿನ ಗೋಡೆ ಖಾಲಿ ಕಾಣುತ್ತದೆಂದು ಅವಳು ಆ ಫೋಟೊ ಅಲ್ಲೇ ಹಾಕಿದ್ದಾಳೆ. ಮೊನ್ನೆ ಅಳತೆ ಕೊಡಲು ಬಂದ ಒಬ್ಬ ಹೆಂಗಸು ಅದನ್ನು ನೋಡಿ ಲೊಚಗುಟ್ಟಿ, ದನಿ ತಗ್ಗಿಸಿ ಕೇಳಿದಳು.

‘ಪಾಪ, ನಿಮ್ಮನೆಯವ್ರೇನವ್ವ? ಯಾವಾಗ ಹೋದ್ರು?’

ಸುಮ ಮಷಿನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

‘ಇನ್ನೂ ಹೋಗಿಲ್ಲ ಕಣವ್ವ. ಪರದೆ ಹಿಂದೆ ಕುಂತು ನಿನ್ನ ಬ್ಲೌಸಿಗೇ ಹುಕ್ಕು ಹಚ್ತಾ ಅದಾರೆ.’